ಪರದೆ ಓದುವ ಯಂತ್ರಕ್ಕೆ ಪರದೆ ಕಾಣದು

ಮೈಸೂರಿನ ಸರಸ್ವತಿಪುರಂನ ಒಂದು ಸೈಬರ್ ಸೆಂಟರ್ ಅಂದುಕೊಳ್ಳಿ. ಪರೀಕ್ಷೆಯ ಅರ್ಜಿ ತುಂಬಲು ಬಂದ ಹುಡುಗ ಕೀಬೋರ್ಡಿನ ಮೇಲೆ ಕೈ ಊರಿದ್ದೇ ತಡ, ಕಂಪ್ಯೂಟರು ಇಂಗ್ಲಿಷಿನಲ್ಲಿ ಮಾತಾಡತೊಡಗುತ್ತದೆ. ಒತ್ತಿದ ಅಕ್ಷರವನ್ನೆಲ್ಲ ಹೆಸರು ಹಿಡಿದು ಕೂಗುತ್ತದೆ. ಪರದೆಯಲ್ಲಿ ನೀಲಿ ಚೌಕಟ್ಟೊಂದು ಓಡಾಡುತ್ತದೆ. ವೈರಸ್ ಬಂತೆಂದು ಗಾಬರಿಯಾದವರು ಪ್ಲಗ್ ಕೀಳಲು ಹೊರಡುತ್ತಾರೆ.

ಅದು ವೈರಸ್ಸಲ್ಲ, ವಿಂಡೋಸ್ ಜೊತೆಗೇ ಬರುವ ‘ನ್ಯಾರೇಟರ್’ ಎಂಬ ಸ್ಕ್ರೀನ್ ರೀಡರ್, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ. ಅದನ್ನು ಸುಮ್ಮನಾಗಿಸುವ ದಾರಿಯನ್ನು ಮೊದಲು ಹೇಳಿಬಿಡೋಣ. ವಿಂಡೋಸ್, ಕಂಟ್ರೋಲ್, ಎಂಟರ್ ಈ ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಅದು ಆಫ್ ಆಗುತ್ತದೆ. ಮತ್ತೆ ಒತ್ತಿದರೆ ಆನ್. ಕಂಟ್ರೋಲ್ ಕೀ ಒಂದನ್ನೇ ಒತ್ತಿದರೆ ಓದುತ್ತಿದ್ದುದನ್ನು ನಿಲ್ಲಿಸುತ್ತದೆ, ಆದರೆ ಕಾಯುತ್ತಾ ಕೂತಿರುತ್ತದೆ. ಮತ್ತೆ ಮತ್ತೆ ತಾನಾಗಿ ಶುರುವಾಗುತ್ತಿದ್ದರೆ ವಿಂಡೋಸ್, ಕಂಟ್ರೋಲ್, ಎನ್ ಒತ್ತಿ ಅದರ ಸೆಟ್ಟಿಂಗ್ಸ್ ತೆರೆದು, ಕೀಬೋರ್ಡ್ ಶಾರ್ಟ್‌ಕಟ್ಟನ್ನೇ ತೆಗೆದುಹಾಕಬಹುದು. ಆಪಲ್ ಮ್ಯಾಕ್‌ನಲ್ಲಿ ಇದೇ ಕೆಲಸ ಮಾಡುವುದು ‘ವಾಯ್ಸ್‌ಓವರ್’. ಅದಕ್ಕೆ ಕಮಾಂಡ್ ಮತ್ತು ಎಫ್5. ಆಂಡ್ರಾಯ್ಡ್ ಫೋನಿನಲ್ಲಿ ‘ಟಾಕ್‌ಬ್ಯಾಕ್’. ಶಾರ್ಟ್‌ಕಟ್ ಹೊಂದಿಸಿದ್ದರೆ ಎರಡೂ ವಾಲ್ಯೂಮ್ ಬಟನ್‌ಗಳನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಸಾಕು.

ಫೋನಿನಲ್ಲಿ ಟಾಕ್‌ಬ್ಯಾಕ್ ಆನ್ ಆದರೆ ‘ಟಚ್ ಕೆಟ್ಟುಹೋಯಿತು’ ಎಂದೇ ಬಹಳ ಜನ ತಿಳಿಯುತ್ತಾರೆ. ಕೆಟ್ಟಿರುವುದಿಲ್ಲ, ನಿಯಮ ಬದಲಾಗಿರುತ್ತದೆ. ಒಮ್ಮೆ ಮುಟ್ಟಿದರೆ ಅಲ್ಲಿ ಏನಿದೆ ಎಂದು ಹೇಳುತ್ತದೆ. ಎರಡು ಸಲ ತಟ್ಟಿದರೆ ತೆರೆಯುತ್ತದೆ. ಸ್ಕ್ರೋಲ್ ಮಾಡಲು ಎರಡು ಬೆರಳು ಬೇಕು. ಕಣ್ಣು ಕಾಣದವರು ಏನನ್ನು ಒತ್ತುತ್ತಿದ್ದೇವೆಂದು ಕೇಳಿ ತಿಳಿದ ಮೇಲೆಯೇ ಒತ್ತಬೇಕಲ್ಲ, ಅದಕ್ಕೇ ಈ ಎರಡು ಹಂತ. ನ್ಯಾರೇಟರ್‌ನಲ್ಲೂ ಹಾಗೆಯೇ. ಅದರ ‘ಸ್ಕ್ಯಾನ್ ಮೋಡ್’ನಲ್ಲಿ ಎಚ್ ಒತ್ತಿದರೆ ಎಚ್ ಅಕ್ಷರ ಮೂಡುವುದಿಲ್ಲ, ಮುಂದಿನ ಶೀರ್ಷಿಕೆಗೆ ಜಿಗಿಯುತ್ತದೆ, ಬಿ ಒತ್ತಿದರೆ ಮುಂದಿನ ಬಟನ್ನಿಗೆ. ಪತ್ರಿಕೆಯ ಪುಟದ ಮೇಲೆ ಕಣ್ಣಾಡಿಸುವಾಗ ನಾವು ತಲೆಬರಹಗಳನ್ನಷ್ಟೇ ನೋಡಿಕೊಂಡು ಹೋಗುತ್ತೇವೆ. ಕಿವಿಯಿಂದ ಓದುವವರಿಗೆ ಅದೇ ಸೌಲಭ್ಯವನ್ನು ಈ ಕೀಗಳು ಕೊಡುತ್ತವೆ.

ಇಷ್ಟೆಲ್ಲ ಮಾಡುವ ಈ ತಂತ್ರಾಂಶಕ್ಕೆ ಪರದೆ ಮಾತ್ರ ಕಾಣುವುದಿಲ್ಲ. ಡಾಸ್ ಕಾಲದಲ್ಲಿ ಇದರ ಕೆಲಸ ಸುಲಭವಿತ್ತು. ಪರದೆಯೆಂದರೆ 25 ಸಾಲು, ಸಾಲಿಗೆ 80 ಅಕ್ಷರ. ಆ 2,000 ಅಕ್ಷರಗಳ ಸಂಕೇತಗಳು ಮೆಮೊರಿಯಲ್ಲಿ ಸಾಲಾಗಿ ಕೂತಿರುತ್ತಿದ್ದವು, ಅವನ್ನು ಎತ್ತಿ ಓದಿದರಾಯಿತು. ವಿಂಡೋಸ್ ಬಂದ ಮೇಲೆ ಅಕ್ಷರವೂ ಚಿತ್ರವೂ ಒಂದೇ ಬಗೆಯ ಚುಕ್ಕಿಗಳಾದವು. ‘ಸಲ್ಲಿಸಿ’ ಎಂಬ ಬಟನ್ನು ಕಣ್ಣಿಗೆ ಬಟನ್ನು, ಮೆಮೊರಿಯಲ್ಲಿ ಬರೀ ಬಣ್ಣದ ತುಂಡು. ಇದಕ್ಕೆ ಪರಿಹಾರವಾಗಿ 1997ರಲ್ಲಿ ಮೈಕ್ರೋಸಾಫ್ಟ್ ಒಂದು ವ್ಯವಸ್ಥೆ ತಂದಿತು: ಪ್ರತಿ ತಂತ್ರಾಂಶವೂ ತನ್ನ ಕಿಟಕಿಯಲ್ಲಿ ಏನೇನಿದೆ, ಯಾವುದು ಬಟನ್, ಅದರ ಹೆಸರೇನು ಎಂಬ ಪಟ್ಟಿಯನ್ನು ಹಿಂಬದಿಯಲ್ಲಿ ಒದಗಿಸಬೇಕು. ಸ್ಕ್ರೀನ್ ರೀಡರ್ ಓದುವುದು ಈ ಪಟ್ಟಿಯನ್ನು. ಜಮೀನಿಗೆ ಕಾಲಿಡದೆ ಪಹಣಿ ನೋಡಿಯೇ ಬೆಳೆ ಹೇಳುವ ಗ್ರಾಮಲೆಕ್ಕಿಗನ ಹಾಗೆ ಇದು: ಪಹಣಿಯಲ್ಲಿ ರಾಗಿ ಎಂದಿದ್ದರೆ ಹೊಲದಲ್ಲಿ ಕಬ್ಬು ನಿಂತಿದ್ದರೂ ರಾಗಿಯೇ. ಬಟನ್ನಿಗೆ ಹೆಸರು ಬರೆಯುವುದನ್ನು ಆ್ಯಪ್ ಮಾಡಿದವರು ಮರೆತಿದ್ದರೆ, ಹಣ ಕಳಿಸುವ ಗುಂಡಿಗೂ ಅಳಿಸಿಹಾಕುವ ಗುಂಡಿಗೂ ‘ಬಟನ್’ ಎಂಬ ಒಂದೇ ಹೆಸರು ಕೇಳಿಸುತ್ತದೆ.

ಪಟ್ಟಿಯ ಪದಗಳನ್ನು ದನಿಯಾಗಿಸುವುದು ಮುಂದಿನ ಕೆಲಸ. ವಿಂಡೋಸ್ 2000ದಿಂದಲೂ ನ್ಯಾರೇಟರ್ ಇದೆ; ಆದರೆ ಕನ್ನಡ ಓದಬೇಕೆಂದರೆ ಬಹಳ ಮಂದಿ ಅಂಧರು ನೆಚ್ಚುವುದು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು. ಅದನ್ನು 2006ರಲ್ಲಿ ಆರಂಭಿಸಿದ ಆಸ್ಟ್ರೇಲಿಯಾದ ಮೈಕಲ್ ಕರನ್, ಆತನ ಜೊತೆಗೂಡಿದ ಜೇಮ್ಸ್ ಟೇ ಇಬ್ಬರೂ ಅಂಧರು. ಅದರೊಳಗಿನ ‘ಇಸ್ಪೀಕ್’ ಎಂಬ ದನಿಗೆ ಕನ್ನಡ ಬರುತ್ತದೆ.

ಬರೆದಂತೆ ಓದುವ ಭಾಷೆಯಾದ್ದರಿಂದ ಕನ್ನಡ ಯಂತ್ರಕ್ಕೆ ಇಂಗ್ಲಿಷಿಗಿಂತ ಸಲೀಸು. ಆದರೂ ತಿರುವುಗಳಿವೆ. ಅಂಕ, ಅಂಚೆ, ಅಂಟು, ಅಂದ, ಅಂಬಲಿ: ಐದರಲ್ಲೂ ಬರೆಯುವುದು ಒಂದೇ ಸೊನ್ನೆ, ಮೊದಲ ನಾಲ್ಕರಲ್ಲಿ ನಾಲಗೆ ಮಾತ್ರ ನಾಲ್ಕು ಕಡೆ ತಾಗುತ್ತದೆ, ಐದನೆಯದರಲ್ಲಿ ತುಟಿಗಳು ಕೂಡುತ್ತವೆ. ಮುಂದಿನ ಅಕ್ಷರ ಯಾವ ವರ್ಗದ್ದೆಂದು ನೋಡಿ ಅದೇ ವರ್ಗದ ಅನುನಾಸಿಕ ಹಾಕು ಎಂದು ಯಂತ್ರಕ್ಕೆ ಕಲಿಸಿರಬೇಕು. ‘ಫಲ’, ‘ಫ್ಯಾನು’ ಎರಡಕ್ಕೂ ಫಕಾರ ಒಂದೇ, ಉಚ್ಚಾರ ಬೇರೆ. ನಿಯಮ ಹಾಕಿದ ಮೇಲೆ ದನಿ. ನಾವು ‘ಆ’ ಎಂದಾಗ ಗಂಟಲು, ಬಾಯಿಗಳ ಪೊಳ್ಳು ಸುಮಾರು 700 ಮತ್ತು 1,200 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ‘ಈ’ ಎಂದಾಗ ಸುಮಾರು 300 ಮತ್ತು 2,300ರಲ್ಲಿ. ಇಸ್ಪೀಕ್ ಆ ಅನುರಣನವನ್ನೇ ಲೆಕ್ಕದಿಂದ ಕಟ್ಟುತ್ತದೆ. ಆದ್ದರಿಂದ ದನಿ ತಗಡಿನ ಡಬ್ಬದೊಳಗಿಂದ ಬಂದಂತೆ ಕೇಳಿಸುತ್ತದೆ. ಆದರೆ ವೇಗ ಎಷ್ಟು ಏರಿಸಿದರೂ ಅದು ಕಲಸಿಹೋಗುವುದಿಲ್ಲ. ನಾವು ಮಾತಾಡುವುದು ನಿಮಿಷಕ್ಕೆ ಸುಮಾರು 150 ಇಂಗ್ಲಿಷ್ ಪದ. ಪಳಗಿದ ಅಂಧ ಓದುಗರು ಅದರ ಎರಡು-ಮೂರು ಪಟ್ಟು ವೇಗದಲ್ಲಿ ಕೇಳುತ್ತಾರೆ. ಇಂಪಾದ ದನಿಗಿಂತ ಚುರುಕಾದ ದನಿಯೇ ಅವರಿಗೆ ಕೆಲಸಕ್ಕೆ ಬರುವುದು.

ಕಿವಿ, ನಾಲಗೆ, ಬೆರಳುಗಳ ಈ ವಿದ್ಯೆ ಮೈಸೂರಿಗೆ ಹೊಸದಲ್ಲ. ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಇಲ್ಲಿ ಶುರುವಾದದ್ದು 1901ರಲ್ಲಿ. ತಿಲಕ್‌ನಗರದಲ್ಲಿ ಸರ್ಕಾರದ ಬ್ರೈಲ್ ಮುದ್ರಣಾಲಯವೂ ಇದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರದು. 1969ರ ಭಾರತೀಯ ಭಾಷಾ ಸಂಸ್ಥಾನ ಯಂತ್ರಗಳಿಗೆ ಮಾತು ಕಲಿಸಲು ಬೇಕಾದ ಕನ್ನಡ ಧ್ವನಿಮಾದರಿಗಳನ್ನು ಕೂಡಿಹಾಕಿದೆ. ಬ್ರೈಲ್ ಪುಸ್ತಕವಾದರೆ ಒಂದೊಂದನ್ನೂ ಬೇರೆಯಾಗಿ ಅಚ್ಚು ಹಾಕಬೇಕು. ಸ್ಕ್ರೀನ್ ರೀಡರಿಗೆ ಆ ಖರ್ಚಿಲ್ಲ. ಯಾರೋ ಎಲ್ಲೋ ಕಂಪ್ಯೂಟರಿನಲ್ಲಿ ಬರೆದದ್ದು ಬರೆದ ಗಳಿಗೆಯಲ್ಲೇ ಅಂಧರ ಪುಸ್ತಕವೂ ಆಗುತ್ತದೆ. ಅದು ನಿಜವಾಗಿ ಅಕ್ಷರವಾಗಿದ್ದರೆ!

ನಮ್ಮ ಕಚೇರಿಗಳ ಕನ್ನಡ ಎಷ್ಟೋ ಸಲ ಅಕ್ಷರವೇ ಅಲ್ಲ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ‘ಕನ್ನಡ’ ಎಂದು ಬೆರಳಚ್ಚು ಮಾಡಿದರೆ ಫೈಲಿನಲ್ಲಿ ಉಳಿಯುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಕ್ಯೂ, ಇನ್ನೊಂದು ಎ. ಫಾಂಟು ಆ ಗುರುತುಗಳಿಗೆ ಕನ್ನಡದ ವೇಷ ತೊಡಿಸುತ್ತದೆ, ಅಷ್ಟೆ. ವೇಷ ಕಾಣದ ಸ್ಕ್ರೀನ್ ರೀಡರ್ ಸುತ್ತೋಲೆಯನ್ನು ಪೌಂಡು, ಕ್ಯೂ ಎಂದು ಓದುತ್ತದೆ. ಪ್ರತಿ ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡಿನಲ್ಲಿ ಹಾಗಲ್ಲ, ‘ಮೈಸೂರು’ ಎಂದರೆ ಮ, ಐತ್ವ, ಸ, ಊತ್ವ, ರ, ಉತ್ವ ಎಂಬ ಆರು ಸಂಕೇತ, ಆರೂ ಕನ್ನಡದವೇ. ಅರ್ಕಾವೊತ್ತನ್ನೇ ನೋಡಿ. ‘ಕರ್ನಾಟಕ’ದಲ್ಲಿ ಅದು ‘ನಾ’ದ ಬಲಕ್ಕೆ ಕಾಣುವುದರಿಂದ ಹಳೆಯ ಫಾಂಟಿನ ಫೈಲಿನಲ್ಲಿ ಅದರ ಜಾಗ ‘ನಾ’ ಆದಮೇಲೆ. ಯೂನಿಕೋಡಿನಲ್ಲಿ ನಾವು ನುಡಿಯುವ ಕ್ರಮದಲ್ಲೇ ‘ರ್’ ಮೊದಲು, ‘ನಾ’ ಆಮೇಲೆ. ಒಂದು ಕಣ್ಣಿಗಾಗಿ ಬರೆದದ್ದು, ಇನ್ನೊಂದು ಕಿವಿಗೂ ಸಲ್ಲುವಂಥದ್ದು. ಸ್ಕ್ಯಾನ್ ಮಾಡಿದ ಆದೇಶ, ವಾಟ್ಸಾಪಿನಲ್ಲಿ ಬರುವ ನೋಟಿಸಿನ ಫೋಟೋ ಇನ್ನೂ ಕಷ್ಟ. ಅಲ್ಲಿ ತಪ್ಪು ಅಕ್ಷರವೂ ಇಲ್ಲ, ಬರೀ ಚಿತ್ರ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿಯೆಲ್ಲ ಎಲ್ಲರಿಗೂ ಎಟುಕುವಂತಿರಬೇಕು ಎನ್ನುತ್ತದೆ. ಡಿಜಿಟಲ್ ಸೇವೆ ಎಟುಕುವುದು ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ಕಾನೂನಿಗೆ ಕಾಯದೆ ನಾವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಸುತ್ತೋಲೆಯನ್ನೋ ಮದುವೆ ಕರೆಯೋಲೆಯನ್ನೋ ಕಳಿಸುವ ಮೊದಲು ಅದರ ಒಂದು ಸಾಲನ್ನು ಕಾಪಿ ಮಾಡಿ ಗೂಗಲ್‌ನ ಹುಡುಕು ಪೆಟ್ಟಿಗೆಯಲ್ಲಿ ಅಂಟಿಸಿ. ಕನ್ನಡವೇ ಬಂದರೆ ಸರಿ. ಗೀಟು, ಪೌಂಡು ಬಂದರೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿ. ಕಾಪಿಯೇ ಆಗದಿದ್ದರೆ ಅದು ಚಿತ್ರ. ಜೊತೆಗೆ ನಾಲ್ಕು ಸಾಲು ಟೈಪ್ ಮಾಡಿ ಕಳಿಸಿ.