ಹೊಲಕ್ಕೆ ಯಂತ್ರ ಬರುವ ಮುನ್ನ

ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ, ಮುಂಗಾರಿನ ಮೊದಲ ಮಳೆ ಬೀಳುವವರೆಗಿನ ಕಾಲವು ಮಣ್ಣಿನ ಕೆಲಸಕ್ಕೆ ಮೀಸಲು. ಒಡ್ಡು ಹಾಕಿಸುವವರು, ಕೃಷಿ ಹೊಂಡ ತೋಡಿಸುವವರು, ಏರುತಗ್ಗುಗಳನ್ನು ಸಮಗೊಳಿಸುವವರು, ನಿವೃತ್ತಿಯ ನಂತರ ಹೊಲದಲ್ಲೊಂದು ಮನೆ ಕಟ್ಟಿಸಬೇಕೆನ್ನುವವರು ಎಲ್ಲರೂ ಯಂತ್ರವನ್ನು ಹುಡುಕುವುದು ಈ ದಿನಗಳಲ್ಲಿಯೇ. ಹತ್ತಾರು ಆಳುಗಳು ಗುದ್ದಲಿ, ಸಲಿಕೆ, ಬುಟ್ಟಿ ಹಿಡಿದು ವಾರಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಇಂದು ಜೆಸಿಬಿ ಒಂದೆರಡು ದಿನಗಳಲ್ಲಿ ಮುಗಿಸುತ್ತದೆ. ಇಂಗ್ಲೆಂಡಿನಲ್ಲಿ 1945ರಲ್ಲಿ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬುವರು ಸ್ಥಾಪಿಸಿದ ಕಂಪನಿಯು 1979ರಲ್ಲಿ ಭಾರತಕ್ಕೆ ಬಂದಿತು. ಅವರ ಹೆಸರಿನ ಆ ಮೂರು ಅಕ್ಷರಗಳು ಇಂದು ನಮ್ಮ ಹಳ್ಳಿಗಳಲ್ಲಿ ಮಣ್ಣು ಅಗೆಯುವ ಯಂತ್ರಕ್ಕೇ ಹೆಸರಾಗಿವೆ.

ಆದರೆ ಯಂತ್ರದ ವೇಗವು ಅನುಕೂಲವಾದಂತೆ ಅಪಾಯವೂ ಆಗಬಲ್ಲದು. ಗುದ್ದಲಿಯಿಂದಾದ ತಪ್ಪನ್ನು ಸಂಜೆಯೊಳಗೆ ಕಂಡು ತಿದ್ದಬಹುದಿತ್ತು. ಯಂತ್ರದಿಂದಾದ ತಪ್ಪು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧ ಹೊಲವೇ ಮುಗಿದಿರುತ್ತದೆ.

ಒಂದು ಮಾತಿನ ಬೆಲೆ

ನಮ್ಮ ಮನೆತನದಲ್ಲಿಯೇ ನಡೆದ ಸಂಗತಿಯಿದು. ನನ್ನ ಸೋದರಮಾವನವರು ಇಳಿಜಾರಾಗಿದ್ದ ಎರಡು ಎಕರೆ ಹೊಲವನ್ನು ಮಟ್ಟ ಮಾಡಿಸಲು ಗುತ್ತಿಗೆದಾರರೊಬ್ಬರನ್ನು ಗೊತ್ತು ಮಾಡಿದರು. "ಮಟ್ಟ ಮಾಡಿಕೊಡಿರಿ" ಎಂಬ ಒಂದೇ ಮಾತು ಹೇಳಿ, ಮದುವೆಯ ಕಾರ್ಯಕ್ಕೆಂದು ಪರಸ್ಥಳಕ್ಕೆ ಹೋದರು. ಮರಳಿ ಬಂದಾಗ ಹೊಲವು ಅಂಗಳದಂತೆ ಸಮನಾಗಿತ್ತು. ನೋಡಿದವರೆಲ್ಲ ಹೊಗಳಿದರು. ಮುಂದಿನ ಹಂಗಾಮಿನಲ್ಲಿ ಕೆಳಗಿನ ಅರ್ಧದಲ್ಲಿ ಜೋಳ ಆಳೆತ್ತರ ಬೆಳೆಯಿತು. ಮೇಲಿನ ಅರ್ಧದಲ್ಲಿ ಮೊಣಕಾಲಿಗೇ ನಿಂತು ಹಳದಿಯಾಯಿತು. ಏರಿನ ಕಡೆಯ ಕರಿಯ ಮಣ್ಣೆಲ್ಲ ತಗ್ಗಿಗೆ ಸೇರಿ, ಅಲ್ಲಿ ಗರಸು ಮಾತ್ರ ಉಳಿದಿತ್ತು.

ಗುತ್ತಿಗೆದಾರರನ್ನು ದೂರುವಂತಿರಲಿಲ್ಲ. ಅವರು ಹೇಳಿದಷ್ಟನ್ನೇ ಮಾಡಿದ್ದರು. ಕೆರೆಯ ಗೋಡು, ತಿಪ್ಪೆಗೊಬ್ಬರ ಹೇರಿ, ಸಣಬು ಬಿತ್ತಿ ಮಣ್ಣಿನಲ್ಲಿ ಮಗುಚಿ ಆ ಒಂದು ಎಕರೆಯನ್ನು ದಾರಿಗೆ ತರಲು ಮಾವನವರಿಗೆ ಆರು ವರ್ಷ ಹಿಡಿಯಿತು. ಅದಕ್ಕಾದ ಖರ್ಚು ಯಂತ್ರದ ಬಾಡಿಗೆಗಿಂತ ಹಲವು ಪಟ್ಟು ಹೆಚ್ಚು.

ಮೇಲ್ಮಣ್ಣು ಮೊದಲು

ಬೆಳೆಯ ಜೀವವಿರುವುದು ನೆಲದ ಮೇಲಿನ ಅರ್ಧ ಅಡಿಯಷ್ಟು ಮಣ್ಣಿನಲ್ಲಿ. ಎರಡು ಮೂರು ಸೆಂಟಿಮೀಟರ್ ಮಣ್ಣು ಉಂಟಾಗಲು ಸಾವಿರ ವರ್ಷಗಳವರೆಗೆ ಬೇಕಾಗಬಹುದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ತಿಳಿಸುತ್ತದೆ. ಆದುದರಿಂದ ಸಮಗೊಳಿಸುವುದಿರಲಿ, ಹೊಂಡ ತೋಡುವುದಿರಲಿ, ಮೊದಲು ಮೇಲ್ಮಣ್ಣನ್ನು ಕೆರೆದು ಬದಿಗೆ ಒಟ್ಟಿಸಬೇಕು. ಕೆಳಮಣ್ಣಿನ ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಮೇಲೆ ಹರಡಿಸಬೇಕು. ಇದರಿಂದ ಯಂತ್ರದ ಗಂಟೆಗಳು ಹೆಚ್ಚುವುದು ನಿಜ. ಆದರೆ ಹೊಲ ಉಳಿಯುತ್ತದೆ. ಇಳಿಜಾರು ಹೆಚ್ಚಾಗಿದ್ದರೆ ಇಡೀ ಹೊಲವನ್ನು ಒಂದೇ ಮಟ್ಟಕ್ಕೆ ತರುವ ಹಟ ಬೇಡ. ಅಡ್ಡ ಒಡ್ಡುಗಳನ್ನು ಹಾಕಿ ಮೆಟ್ಟಿಲು ಮೆಟ್ಟಿಲಾಗಿ ಸಮಗೊಳಿಸಿದರೆ ಕಡಿಯುವ ಮಣ್ಣೂ ಕಡಿಮೆ, ಖರ್ಚೂ ಕಡಿಮೆ. ಎರೆಭೂಮಿ ಹಸಿಯಾಗಿದ್ದಾಗ ಭಾರವಾದ ಯಂತ್ರವನ್ನು ಇಳಿಸಲೇಬಾರದು. ಚಕ್ರದ ಕೆಳಗೆ ಮಣ್ಣು ಗಟ್ಟಿಯಾಗಿ ನೀರೂ ಬೇರೂ ಇಳಿಯದಂತಾಗುತ್ತದೆ.

ಎಲ್ಲೆ ಮತ್ತು ನೀರಿನ ದಾರಿ

ಬದುವಿನ ಒಂದು ಗೇಣು ಮಣ್ಣಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ನಾವೆಲ್ಲ ಕಂಡಿದ್ದೇವೆ. ಎಲ್ಲೆಯ ಬಗ್ಗೆ ಸಂದೇಹವಿದ್ದರೆ ಭೂಮಾಪನ ಇಲಾಖೆಗೆ ಅರ್ಜಿ ಕೊಟ್ಟು ಹದ್ದುಬಸ್ತು ಮಾಡಿಸಿ, ಬಾಂದುಕಲ್ಲುಗಳನ್ನು ಗುರುತಿಸಿದ ಮೇಲೆಯೇ ಯಂತ್ರ ತರಿಸುವುದು ಲೇಸು. ಮಳೆಯ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಹಿರಿಯರಿಂದ ಕೇಳಿ ತಿಳಿಯಬೇಕು. ನಮ್ಮ ಹೊಲ ಸಮವಾದರೂ ನೆರೆಯವರ ಹೊಲಕ್ಕೆ ನೀರು ನುಗ್ಗಿದರೆ ಆ ಕೆಲಸ ಕೆಟ್ಟಂತೆಯೇ. ಅಗೆದ ಮಣ್ಣನ್ನು ಹೊರಗೆ ಮಾರುವುದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿಯೂ, ಭೂಮಿಯನ್ನು ಕೃಷಿಯೇತರ ಉಪಯೋಗಕ್ಕೆ ತರುವುದಾದರೆ ಕಂದಾಯ ಇಲಾಖೆಯಲ್ಲಿಯೂ ಮೊದಲೇ ವಿಚಾರಿಸಬೇಕು.

ಅಳತೆ ಮತ್ತು ಹಣ

ಬಾಡಿಗೆಯು ಗಂಟೆಯ ಲೆಕ್ಕದಲ್ಲಿ ಅಥವಾ ಅಗೆದ ಅಳತೆಯ ಲೆಕ್ಕದಲ್ಲಿ ಇರುತ್ತದೆ. ಕೆಳಗೆ ಬಂಡೆಯಿದೆಯೋ ಇಲ್ಲವೋ ತಿಳಿಯದ ಸಣ್ಣ ಕೆಲಸಕ್ಕೆ ಗಂಟೆಯ ಲೆಕ್ಕ ಒಳ್ಳೆಯದು. ಆಗ ಯಂತ್ರದ ಅವರ್ ಮೀಟರಿನ ಅಂಕಿಯನ್ನು ಆರಂಭದಲ್ಲಿಯೂ ಮುಕ್ತಾಯದಲ್ಲಿಯೂ ಇಬ್ಬರೂ ನೋಡಿ ಬರೆದುಕೊಳ್ಳಬೇಕು. ಎಂಜಿನ್ ಚಾಲೂ ಇಟ್ಟು ಮಾತನಾಡುತ್ತ ನಿಂತರೆ ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಹೀಗಾಗಿ ಎಲ್ಲಿ ಅಗೆಯಬೇಕು, ಮಣ್ಣು ಎಲ್ಲಿ ಸುರಿಯಬೇಕು ಎಂಬುದಕ್ಕೆ ಹಿಂದಿನ ದಿನವೇ ಸುಣ್ಣದ ಗೆರೆ ಎಳೆದಿಡಬೇಕು.

ಹೊಂಡಕ್ಕೆ ಅಳತೆಯ ಲೆಕ್ಕವೇ ಸರಿ. ಆದರೆ ಇಲ್ಲಿಯೇ ಅನೇಕರು ಮೋಸಹೋಗುತ್ತಾರೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಮೂರು ಮೀಟರ್ ಆಳದ ಹೊಂಡವೆಂದರೆ 300 ಘನ ಮೀಟರ್ ಎಂದು ಗುಣಿಸಿಬಿಡುತ್ತಾರೆ. ದಂಡೆಗಳು ಕುಸಿಯದಂತೆ ಇಳಿಜಾರಾಗಿ ಕಡಿದಾಗ ತಳವು ಮೇಲ್ಭಾಗಕ್ಕಿಂತ ಕಿರಿದಾಗುತ್ತದೆ. ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಗೆ ಸರಿದರೆ ತಳದ ಅಳತೆ ನಾಲ್ಕು ಮೀಟರ್. ನಿಜವಾಗಿ ಅಗೆದುದು 156 ಘನ ಮೀಟರ್ ಮಾತ್ರ. ಹಿಡಿಯುವ ನೀರೂ ಒಂದೂವರೆ ಲಕ್ಷ ಲೀಟರಿಗೆ ಸ್ವಲ್ಪ ಮೇಲೆ. ಲೆಕ್ಕ ತಿಳಿಯದಿದ್ದರೆ ಸುಮಾರು ಎರಡು ಪಟ್ಟು ಹಣ ಕೊಟ್ಟಂತಾಗುತ್ತದೆ. ಟ್ರಾಲಿಗಳ ಲೆಕ್ಕವನ್ನೂ ನಂಬುವಂತಿಲ್ಲ, ಅಗೆದ ಮಣ್ಣು ಸಡಿಲಾಗಿ ಉಬ್ಬಿಕೊಳ್ಳುತ್ತದೆ. ಹಿಂದಿನವರು ಅಗೆದ ಜಾಗದ ನಡುವೆ ಮೂಲ ನೆಲದ ಎತ್ತರಕ್ಕೆ ಒಂದೆರಡು ಮಣ್ಣಿನ ಗುಡ್ಡೆಗಳನ್ನು ಹಾಗೆಯೇ ಬಿಟ್ಟು, ಆಳವನ್ನು ಅಳೆದ ಮೇಲೆ ತೆಗೆಸುತ್ತಿದ್ದರು. ಆ ಜಾಣತನ ಇಂದಿಗೂ ಸಲ್ಲುತ್ತದೆ.

ದರ, ಯಂತ್ರ ತರುವ ಖರ್ಚು, ಕನಿಷ್ಠ ಗಂಟೆಗಳು, ಡೀಸೆಲ್ ಯಾರದು, ಮೇಲ್ಮಣ್ಣು ಮರಳಿ ಹರಡುವುದು ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕುವುದರಲ್ಲಿ ಸಂಕೋಚವೇಕೆ? ನಂಬಿಕೆಗೆ ಬರವಣಿಗೆ ವಿರೋಧವಲ್ಲ. ಅದು ನಂಬಿಕೆಯನ್ನು ಕಾಯುವ ಬೇಲಿ. ಉಳಿದ ಹಣವನ್ನು ಅಳತೆಯಾದ ಮೇಲೆಯೇ ಕೊಡಬೇಕು. ಹಾಗೆಯೇ, ಕೆಲಸ ಸರಿಯಾದ ಮೇಲೆ ಒಂದು ದಿನವೂ ತಡಮಾಡದೆ ಕೊಡಬೇಕು.

ಮಕ್ಕಳ ಮೇಲೆ ಕಣ್ಣಿರಲಿ

ಯಂತ್ರ ಬಂದಿತೆಂದರೆ ಮಕ್ಕಳಿಗೆ ಜಾತ್ರೆ. ಹಿಂದೆ ಸರಿಯುವ ಯಂತ್ರದ ಚಾಲಕನಿಗೆ ಹಿಂದೆ ನಿಂತ ಮಗು ಕಾಣದೆ ಹೋಗಬಹುದು. ಕೆಲಸ ಮುಗಿಯುವವರೆಗೆ ಅವರನ್ನು ದೂರವಿಡುವ ಹೊಣೆಯನ್ನು ಮನೆಯ ಹಿರಿಯರೊಬ್ಬರು ಹೊರಬೇಕು. ಮೇಲಿನ ವಿದ್ಯುತ್ ತಂತಿಯನ್ನೂ ನೆಲದೊಳಗಿನ ಕೊಳವೆಬಾವಿಯ ಕೇಬಲ್ಲನ್ನೂ ಚಾಲಕನಿಗೆ ಮೊದಲೇ ತೋರಿಸಬೇಕು. ಹೊಂಡ ಸಿದ್ಧವಾದ ದಿನವೇ ಸುತ್ತ ಬೇಲಿಯಾಗಬೇಕು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ದಂಡೆ ಜಾರುತ್ತದೆ. ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ. ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ನೀರಿನೊಳಗೆ ಇಳಿಬಿಟ್ಟರೆ ಒಂದು ಜೀವ ಉಳಿದೀತು.

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕಟ್ಟಿಸಿದ ಕೆರೆ ಇಂದಿಗೂ ಸೊಲ್ಲಾಪುರದ ನಡುವೆ ಇದೆ. ಅಂದು ಯಂತ್ರವಿರಲಿಲ್ಲ, ನೆಲವನ್ನೂ ನೀರನ್ನೂ ಅರಿತ ಕಣ್ಣಿತ್ತು. ಇಂದು ಯಂತ್ರ ಬಾಡಿಗೆಗೆ ಸಿಗುತ್ತದೆ, ಆ ಕಣ್ಣು ಬಾಡಿಗೆಗೆ ಸಿಗುವುದಿಲ್ಲ. ಯಂತ್ರ ಬರುವ ಹಿಂದಿನ ದಿನ ಮನೆಯವರೆಲ್ಲ ಒಮ್ಮೆ ಹೊಲವನ್ನು ಸುತ್ತಿ ಬನ್ನಿರಿ. ಕೆಲಸ ನಡೆಯುವಷ್ಟು ಹೊತ್ತೂ ಯಾರಾದರೊಬ್ಬರು ಅಲ್ಲಿಯೇ ನಿಲ್ಲಿರಿ. ನನ್ನ ಮಾವನವರು ಆರು ವರ್ಷ ದುಡಿದು ಕಲಿತ ಪಾಠವಿದು.