ತುತ್ತಿನ ಕಲೆ, ಘಾಟಿಯ ಕ್ಲಚ್

ನೆಟ್ಟಣದಲ್ಲಿ ಹಳೆ ಕಾರು ಮಾರಾಟಕ್ಕಿದೆ ಎಂದರೆ ಮೊದಲು ಬರುವ ಪ್ರಶ್ನೆ, 'ಯಾರ ಗಾಡಿ ಮಾರಾಯ್ರೆ?' ಮಾಸ್ತರರದ್ದಾದರೆ ಒಂದು ರೇಟು, ಇಲ್ಲಿನ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಿಂದ ಕುಕ್ಕೆಗೆ ಬಾಡಿಗೆ ಓಡಿಸಿದ್ದಾದರೆ ಇನ್ನೊಂದು. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು. ಊರಿನ ನೆನಪನ್ನು ತಿರುಗಿಸುವ ಮೆಕ್ಯಾನಿಕ್ ಇನ್ನೂ ಹುಟ್ಟಿಲ್ಲ.

ಈ ಕಡೆಯ ಗಾಡಿಗಳು ಹಾಳಾಗುವುದು ಅಡಿಯಿಂದ. ಪಾಲಿಶ್ ಮಿಂಚುತ್ತಿರಲಿ ಬಿಡಿ, ಮ್ಯಾಟ್ ಎತ್ತಿ ನೋಡಬೇಕು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಮದ್ದು ಬಿಡುವವರು ಮೈಲುತುತ್ತು, ಸುಣ್ಣ, ಪಂಪು ಎಲ್ಲವನ್ನೂ ತುಂಬಿಕೊಂಡು ಹೋಗುವುದು ಓಮ್ನಿಯ ಹಿಂಬದಿಯಲ್ಲೋ ಕಾರಿನ ಡಿಕ್ಕಿಯಲ್ಲೋ. ತುತ್ತಿನ ನೀರು ಚೆಲ್ಲಿದ ಜಾಗದಲ್ಲಿ ಬಣ್ಣ ಎದ್ದಿದ್ದರೆ ಕಬ್ಬಿಣಕ್ಕೆ ಉಳಿಗಾಲವಿಲ್ಲ. ತುತ್ತಿನಲ್ಲಿರುವ ತಾಮ್ರ ಮೇಲೆ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಬೋಲ್ಟಿನ ಸುತ್ತ ತಿಳಿನೀಲಿ ಕಲೆ ಕಂಡರೆ ಆ ಡಿಕ್ಕಿ ಯಾವ ಕೆಲಸ ಮಾಡಿದೆ ಎಂದು ಯಾರನ್ನೂ ಕೇಳಬೇಕಿಲ್ಲ. ಹೊಸದಾಗಿ ಕಪ್ಪು ಅಂಡರ್‌ಕೋಟ್ ಬಳಿದಿದ್ದರೆ ನನಗೆ ಸಂಶಯ ಇನ್ನೂ ಜಾಸ್ತಿ. ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿ ನೋಡಿ: ಗಟ್ಟಿ ತಗಡು ಟಣ್ ಎನ್ನುತ್ತದೆ, ಪುಟ್ಟಿ ತುಂಬಿದ್ದು ಮಂಕಾಗಿ ದಬ್ ಎನ್ನುತ್ತದೆ.

ಟ್ರಯಲ್ಲಿಗೆ ಸಪಾಟು ರಸ್ತೆ ಸಾಲದು. ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಹತ್ತಿಸಿ. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಬೊಬ್ಬೆ ಹಾಕಿ ಗಾಡಿ ಅಲ್ಲೇ ತೆವಳಿದರೆ ಕ್ಲಚ್ ಪ್ಲೇಟ್ ಮುಗಿದಿದೆ. ಇಳಿಯುವಾಗ ಬ್ರೇಕಿನ ಹಣೆಬರಹವೂ ಗೊತ್ತಾಗುತ್ತದೆ. ಹಳೆ ಮಹೀಂದ್ರ ಜೀಪಿನ ಲೆಕ್ಕ ಮಾತ್ರ ಬೇರೆ. ತೋಟದ ಕೆಸರಲ್ಲಿ ಅದು ಹತ್ತಿದರಾಯಿತು, ತುಕ್ಕಿನ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಹೊರಗಿನಿಂದ ಬಂದ ಕಾರಿಗೆ ಊರಿನ ಸಾಕ್ಷಿ ಇಲ್ಲ. 2018ರ ಆಗಸ್ಟ್‌ನಲ್ಲಿ ಕೇರಳದಲ್ಲೂ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲೂ ಎಷ್ಟೋ ಕಾರುಗಳು ನೆರೆನೀರಲ್ಲಿ ನಿಂತಿದ್ದವು. ಸೀಟ್ ಬೆಲ್ಟನ್ನು ಕೊನೆವರೆಗೆ ಎಳೆದು ನೋಡಿ, ತುದಿಯಲ್ಲಿ ಕೆಸರಿನ ಗೆರೆ ಉಳಿದಿರಬಹುದು. ಡಿಕ್ಕಿಯ ಸ್ಟೆಪ್ನಿ ಗುಂಡಿಯನ್ನೂ ಮೂಸಿ. ಕಾಸರಗೋಡಿನ ಕೆಎಲ್-14 ಕಡಿಮೆಗೆ ಸಿಕ್ಕಿತೆಂದು ಹಿಗ್ಗುವ ಮೊದಲು ಅಲ್ಲಿನ ಎನ್‌ಒಸಿ, ಇಲ್ಲಿ ಕಟ್ಟಬೇಕಾದ ತೆರಿಗೆ, ಹೊಸ ನಂಬರಿನ ಖರ್ಚು ಎಲ್ಲ ಕೂಡಿಸಿ ನೋಡಿ. ಹದಿನೈದು ವರ್ಷ ತುಂಬುತ್ತಾ ಬಂದ ಕಾರಾದರೆ ಆರ್‌ಸಿ ನವೀಕರಣದ ಖರ್ಚೂ ನಿಮ್ಮ ತಲೆಗೇ.

ಕೆಎ-21 ಆದರೆ ಪುತ್ತೂರು ಆರ್‌ಟಿಒದಲ್ಲೇ ಕೆಲಸ ಆಗುತ್ತದೆ: ಫಾರ್ಮ್ 29, ಫಾರ್ಮ್ 30, ಸಾಲ ತೀರಿದ್ದರೆ ಬ್ಯಾಂಕಿನ ಪತ್ರದ ಜೊತೆ ಫಾರ್ಮ್ 35. ಇಲ್ಲಿ ಜಾಗ್ರತೆ ಬೇಕಾದದ್ದು ಮಾರುವವರಿಗೇ ಹೆಚ್ಚು. 'ಗುರ್ತದವರಲ್ವಾ, ಆಮೇಲೆ ಮಾಡಿದರಾಯ್ತು' ಎಂದು ಬರಿ ಸಹಿ ಹಾಕಿದ ಫಾರ್ಮ್ ಕೊಟ್ಟು ಕೈತೊಳೆದುಕೊಳ್ಳುವವರೇ ಬಹಳ. ಗಾಡಿ ಕೈಯಿಂದ ಕೈಗೆ ದಾಟಿದರೂ ಆರ್‌ಸಿಯಲ್ಲಿ ಹೆಸರಿದ್ದವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿತು. ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊನೆಯ ಕಂತಿನ ಹಣವನ್ನು ವರ್ಗಾವಣೆಯ ರಶೀದಿ ಕೈಗೆ ಬಂದಮೇಲೆಯೇ ಕೊಡುವ ಮಾತಾದರೆ ಇಬ್ಬರಿಗೂ ಪುತ್ತೂರಿಗೆ ಹೋಗುವ ಅವಸರ ತಾನಾಗಿಯೇ ಬರುತ್ತದೆ.