ಫ್ರೆಂಚ್‌ನ ‘ಮುಂಚಿನ ಭವಿಷ್ಯ’ಕ್ಕೆ ಕನ್ನಡದ ದಾರಿಯೇ ಹತ್ತಿರ

ಫ್ರಾನ್ಸಿನಲ್ಲಿ ಓದಲು ಹೋದ ವಿದ್ಯಾರ್ಥಿಯೊಬ್ಬ ಬಾಡಿಗೆ ಮನೆ ಖಾಲಿ ಮಾಡುವ ಹೊತ್ತಿಗೆ ಮನೆಯ ಮಾಲೀಕರಿಂದ ಇಂಥದೊಂದು ಸಾಲು ಬರಬಹುದು: ‘ಝ ವೂ ರಾಂದ್ರೆ ಲಾ ಕೋಸ್ಯೋಂ ಕಾಂ ವೂ ಜ಼ೋರೆ ರಾಂದ್ಯು ಲೆ ಕ್ಲೆ.’ ನೀವು ಬೀಗದ ಕೈಗಳನ್ನು ಒಪ್ಪಿಸಿದ ಮೇಲೆ ಅಡ್ವಾನ್ಸ್ ಹಣ ಹಿಂದಿರುಗಿಸುತ್ತೇನೆ ಎಂಬುದು ಇದರ ತಾತ್ಪರ್ಯ. ಎರಡೂ ಕೆಲಸಗಳು ಇನ್ನೂ ನಡೆದಿಲ್ಲ. ಆದರೆ ಯಾವುದು ಮೊದಲು, ಯಾವುದು ಅನಂತರ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕೀಲಿಕೈ ಮೊದಲು, ಹಣ ಆಮೇಲೆ.

ಇದು ಬರಿಯ ವ್ಯಾಕರಣದ ಮಾತಲ್ಲ. ಫ್ರಾನ್ಸಿನ ಬಾಡಿಗೆ ಕಾನೂನಿನಂತೆ ಅಡ್ವಾನ್ಸ್ ಹಿಂದಿರುಗಿಸುವ ಗಡುವು ಲೆಕ್ಕಕ್ಕೆ ಬರುವುದೇ ಕೀಲಿಕೈ ಒಪ್ಪಿಸಿದ ದಿನದಿಂದ. ಮನೆ ಮೊದಲಿದ್ದ ಸ್ಥಿತಿಯಲ್ಲೇ ಇದ್ದರೆ ಒಂದು ತಿಂಗಳು, ಇಲ್ಲವಾದರೆ ಎರಡು ತಿಂಗಳು. ವಿಶೇಷವೆಂದರೆ ಮೇಲಿನ ವಾಕ್ಯದಲ್ಲಿ ‘ಮೇಲೆ’, ‘ಬಳಿಕ’ ಎಂಬ ಅರ್ಥದ ಪದವೇ ಇಲ್ಲ. ‘ಕಾಂ’ ಎಂದರೆ ‘ಯಾವಾಗ’ ಎಂದಷ್ಟೇ. ಹಿಂದುಮುಂದಿನ ಕ್ರಮವನ್ನೆಲ್ಲ ಹೊತ್ತಿರುವುದು ‘ವೂ ಜ಼ೋರೆ ರಾಂದ್ಯು’ ಎಂಬ ಕ್ರಿಯಾರೂಪ. ಫ್ರೆಂಚ್ ವ್ಯಾಕರಣದಲ್ಲಿ ಇದರ ಹೆಸರು ‘ಫ್ಯುತ್ಯುರ್ ಆಂತೇರ್ಯೋರ್’. ಪದಶಃ ಹೇಳುವುದಾದರೆ ‘ಮುಂಚಿನ ಭವಿಷ್ಯ’, ಅಂದರೆ ಭವಿಷ್ಯದ ಒಂದು ಘಟನೆಗಿಂತ ಮುಂಚೆ ಮುಗಿದುಹೋಗುವ ಮತ್ತೊಂದು ಭವಿಷ್ಯ.

ಬೆಂಗಳೂರಿನಲ್ಲಿ ಫ್ರೆಂಚ್ ಕಲಿಯುವವರಿಗೆ ಕೊರತೆಯಿಲ್ಲ. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಇದೆ, ಶಾಲಾ ಕಾಲೇಜುಗಳಲ್ಲಿ ಅದನ್ನೇ ಭಾಷಾ ವಿಷಯವಾಗಿ ಆಯ್ದುಕೊಂಡ ಮಕ್ಕಳಿದ್ದಾರೆ. ಕೆನಡಾ ತನ್ನ ಎಕ್ಸ್‌ಪ್ರೆಸ್ ಎಂಟ್ರಿ ವಲಸೆ ವ್ಯವಸ್ಥೆಯಲ್ಲಿ 2023ರಿಂದ ಫ್ರೆಂಚ್ ಬಲ್ಲವರಿಗಾಗಿ ಪ್ರತ್ಯೇಕ ಸುತ್ತುಗಳನ್ನು ನಡೆಸಲು ಆರಂಭಿಸಿದ ಮೇಲೆ ಸಾಫ್ಟ್‌ವೇರ್ ಉದ್ಯೋಗಿಗಳಿಗೂ ಈ ಭಾಷೆ ಕಲಿಯಲು ಹೊಸ ಕಾರಣ ಸಿಕ್ಕಿದೆ. ಆದರೆ ಪಾಠ ನಡೆಯುವುದು ಬಹುಪಾಲು ಇಂಗ್ಲಿಷಿನ ಮೂಲಕ. ಈ ಒಂದು ಕಾಲರೂಪದ ಮಟ್ಟಿಗಂತೂ ಇಂಗ್ಲಿಷಿನ ದಾರಿ ಸುತ್ತಿನದು. ಕನ್ನಡದ ದಾರಿಯೇ ಹತ್ತಿರ.

ಮೊದಲು ರಚನೆ. ಇದಕ್ಕೆ ಬೇಕಾದುದು ಎರಡೇ ಸಾಮಗ್ರಿ: ಭವಿಷ್ಯತ್ ಕಾಲದಲ್ಲಿರುವ ಒಂದು ಸಹಾಯಕ ಕ್ರಿಯಾಪದ ಮತ್ತು ಮುಖ್ಯ ಕ್ರಿಯಾಪದದ ಭೂತ ಕೃದಂತ. ಸಹಾಯಕವಾಗಿ ಬರುವುದು ಬಹುಮಟ್ಟಿಗೆ ‘ಅವ್ವಾರ್’, ಅಂದರೆ ಹೊಂದಿರುವುದು. ಅದರ ಭವಿಷ್ಯದ ರೂಪಗಳು ಹೀಗೆ: ನಾನು ಎಂಬುದಕ್ಕೆ ‘ಝೋರೆ’, ನೀನು ಎಂಬುದಕ್ಕೆ ‘ತ್ಯು ಓರಾ’, ಅವನಿಗೆ ‘ಇಲ್ ಓರಾ’, ಅವಳಿಗೆ ‘ಎಲ್ ಓರಾ’, ನಾವು ಎಂಬುದಕ್ಕೆ ‘ನೂ ಜ಼ೋರೋಂ’, ನೀವು ಎಂಬುದಕ್ಕೆ ‘ವೂ ಜ಼ೋರೆ’, ಅವರಿಗೆ ‘ಇಲ್ ಜ಼ೋರೋಂ’. (ಫ್ರೆಂಚರ ಮೂಗಿನ ಸ್ವರವನ್ನೂ ಗಂಟಲಿನ ‘ರ’ಕಾರವನ್ನೂ ಕನ್ನಡ ಲಿಪಿ ಪೂರ್ತಿ ಹಿಡಿಯಲಾರದು. ಸಮೀಪದ ಉಚ್ಚಾರಣೆಯನ್ನಷ್ಟೇ ಇಲ್ಲಿ ಕೊಡಲಾಗಿದೆ.) ಇವುಗಳ ಮುಂದೆ ಕೃದಂತವನ್ನಿಟ್ಟರೆ ಕೆಲಸ ಮುಗಿಯಿತು. ‘ಝೋರೆ ಫಿನಿ’ ಎಂದರೆ ಮುಗಿಸಿರುತ್ತೇನೆ, ‘ಎಲ್ ಓರಾ ಲ್ಯು’ ಎಂದರೆ ಓದಿರುತ್ತಾಳೆ, ‘ನೂ ಜ಼ೋರೋಂ ಪಾರ್ಲೆ’ ಎಂದರೆ ಮಾತನಾಡಿರುತ್ತೇವೆ. ಬಿಸ್ಕತ್ತಿಗೂ ಈ ಪಾರ್ಲೆಗೂ ಸಂಬಂಧವಿಲ್ಲ. ನಿಷೇಧ ಬೇಕಾದರೆ ಸಹಾಯಕವನ್ನು ಇಬ್ಬದಿಯಿಂದ ಸುತ್ತಬೇಕು: ‘ಝ ನೋರೆ ಪಾ ಫಿನಿ’, ಮುಗಿಸಿರುವುದಿಲ್ಲ.

ಕನ್ನಡದ ‘ಮುಗಿಸಿರುತ್ತೇನೆ’ಯನ್ನು ಬಿಡಿಸಿ ನೋಡಿದರೂ ಕಾಣುವುದು ಇದೇ ಜೋಡಣೆ. ‘ಮುಗಿಸಿ’ ಎಂಬುದು ಮುಗಿದ ಕೆಲಸ, ‘ಇರುತ್ತೇನೆ’ ಎಂಬುದು ಮುಂದಿನ ಸ್ಥಿತಿ. ಕ್ರಮ ಮಾತ್ರ ತಿರುಗುಮುರುಗು. ನಮ್ಮಲ್ಲಿ ಸಹಾಯಕ ಕೊನೆಗೆ ಬರುತ್ತದೆ, ಅವರಲ್ಲಿ ಮೊದಲಿಗೆ.

ಕನ್ನಡ ಕೈಕೊಡುವ ಜಾಗವೂ ಇಲ್ಲೇ ಇದೆ. ನಮಗೆ ಎಲ್ಲ ಕ್ರಿಯೆಗಳಿಗೂ ‘ಇರು’ ಒಂದೇ ಸಾಕು. ಫ್ರೆಂಚರು ಹೋಗು, ಬಾ, ಹೊರಡು, ತಲುಪು, ಹುಟ್ಟು, ಸಾಯು, ಬೀಳು, ಉಳಿ ಮೊದಲಾದ ಕೆಲವು ಕ್ರಿಯೆಗಳಿಗೆ ಅವ್ವಾರ್ ಬಿಟ್ಟು ‘ಎತ್ರ್’ ಎಂಬ ಇನ್ನೊಂದು ಸಹಾಯಕವನ್ನು ಬಳಸುತ್ತಾರೆ. ನಮ್ಮ ‘ಇರು’ವಿಗೆ ಸಮನಾದುದು ಇದೇ. ತನ್ನ ಮೇಲೆಯೇ ನಡೆಯುವ ಏಳು, ಮಲಗು, ಉಡುಪು ಧರಿಸು ಇತ್ಯಾದಿ ಕ್ರಿಯೆಗಳಿಗೂ ಎತ್ರ್ ಬೇಕು. ‘ಝ ಸರೆ ಪಾರ್ತಿ’, ಹೊರಟಿರುತ್ತೇನೆ. ‘ಲ ತ್ರ್ಯಾಂ ಸರಾ ಪಾರ್ತಿ’, ರೈಲು ಹೊರಟಿರುತ್ತದೆ. ಇಲ್ಲಿ ಕೃದಂತವು ಕರ್ತೃವಿನ ಲಿಂಗ, ವಚನಗಳನ್ನು ಅನುಸರಿಸುತ್ತದೆ. ಹೊರಟವಳು ಹೆಂಗಸಾದರೆ ಬರಹದಲ್ಲಿ ಒಂದು ಅಕ್ಷರ ಹೆಚ್ಚು ಬರುತ್ತದೆ, ಕಿವಿಗೆ ಮಾತ್ರ ಎರಡೂ ‘ಪಾರ್ತಿ’ಯೇ. ಪರೀಕ್ಷೆಯಲ್ಲಿ ಅಂಕ ಕಳೆಯುವುದು ಇಂಥ ಕೇಳಿಸದ ಅಕ್ಷರಗಳೇ. ಈ ಕ್ರಿಯೆಗಳ ಪಟ್ಟಿಗೆ ಅಡ್ಡದಾರಿಯಿಲ್ಲ, ಬಾಯಿಪಾಠ ಮಾಡಲೇಬೇಕು.

ಇನ್ನು ಬಳಕೆ. ‘ಕೆಲಸ ಮುಗಿಸಿದ ಮೇಲೆ ಬರುತ್ತೇನೆ’ ಎಂಬ ಸರಳ ಮಾತನ್ನು ತೆಗೆದುಕೊಳ್ಳಬಹುದು. ಇಂಗ್ಲಿಷಿನಲ್ಲಿ ‘ವೆನ್ ಐ ಫಿನಿಶ್’ ಎಂದರೆ ಸಾಕು, ಉಪವಾಕ್ಯಕ್ಕೆ ವರ್ತಮಾನವೇ ನಡೆಯುತ್ತದೆ. ಅದನ್ನೇ ಅನುಸರಿಸಿದ ವಿದ್ಯಾರ್ಥಿ ಫ್ರೆಂಚಿನಲ್ಲಿ ‘ಕಾಂ ಝ ಫಿನಿ’ ಎಂದು ಬರೆಯುತ್ತಾನೆ. ಫ್ರೆಂಚರ ಕಿವಿಗೆ ಅದು ‘ನಾನು ಮುಗಿಸುವಾಗಲೆಲ್ಲ’ ಎಂಬ ದಿನನಿತ್ಯದ ಅಭ್ಯಾಸದಂತೆ ಕೇಳುತ್ತದೆ. ಸರಿಯಾದ ರೂಪ ‘ಕಾಂ ಝೋರೆ ಫಿನಿ, ಝ ವ್ಯಾಂದ್ರೆ’. ಕನ್ನಡಿಗನಿಗೆ ಈ ತರ್ಕ ಹೊಸದಲ್ಲ. ‘ನಾಳೆ ಮಳೆ ನಿಂತ ಮೇಲೆ ಹೊರಡೋಣ’ ಎನ್ನುವಾಗ ಮಳೆ ಇನ್ನೂ ಬಂದೇ ಇಲ್ಲ, ಆದರೂ ‘ನಿಂತ’ ಎಂಬ ಭೂತರೂಪವನ್ನು ನಾವು ಅಳುಕದೆ ಬಳಸುತ್ತೇವೆ. ಹೊರಡುವ ಗಳಿಗೆಯಲ್ಲಿ ನಿಂತು ನೋಡಿದರೆ ಮಳೆ ನಿಂತದ್ದು ಆಗಲೇ ಹಿಂದಿನ ಸಂಗತಿ. ಆದ್ದರಿಂದ ಕನ್ನಡದಲ್ಲಿ ‘-ದ ಮೇಲೆ’, ‘-ದ ಕೂಡಲೇ’ ಎಂದು ಬಂದು, ಇಡೀ ಮಾತು ಭವಿಷ್ಯದ್ದಾಗಿದ್ದರೆ ಫ್ರೆಂಚಿನಲ್ಲಿ ಸಾಮಾನ್ಯವಾಗಿ ಮುಂಚಿನ ಭವಿಷ್ಯವನ್ನು ಇಡಬಹುದು. ‘-ದ ಕೂಡಲೇ’ ಎಂಬುದಕ್ಕೆ ಅಲ್ಲಿ ‘ದೆ ಕ’ ಎಂಬ ಪದವಿದೆ. ‘ಮೇಲೆ’ ಎಂಬುದಕ್ಕೆ ‘ಆಪ್ರೆ ಕ’ ಇದೆ. ಇದರ ಮುಂದೆ ಫ್ರೆಂಚರೇ ಎಷ್ಟೋ ಸಲ ವ್ಯಾಕರಣ ಒಪ್ಪದ ರೂಪವನ್ನು ಬಳಸಿಬಿಡುತ್ತಾರೆ ಎಂಬುದು ಕಲಿಯುವವರಿಗೊಂದು ಸಮಾಧಾನ.

‘ಸಿ’ ಎಂಬ ಪದದ ಬಗ್ಗೆ ಮಾತ್ರ ಎಚ್ಚರ ಬೇಕು. ‘ಮುಗಿಸಿದರೆ’ ಎಂಬ ಷರತ್ತಿನ ಅರ್ಥದಲ್ಲಿ ಅದು ಬಂದಾಗ ಪಕ್ಕದಲ್ಲಿ ಭವಿಷ್ಯ ನಿಲ್ಲುವುದಿಲ್ಲ. ‘ಸಿ ಝೇ ಫಿನಿ’ ಎಂದೇ ಹೇಳಬೇಕು. ಖಚಿತವಾಗಿ ಆಗುವುದೆಂದು ಎಣಿಸಿದ ಕೆಲಸಕ್ಕೆ ಒಂದು ರೂಪ, ಆದೀತೋ ಇಲ್ಲವೋ ಎಂಬುದಕ್ಕೆ ಇನ್ನೊಂದು.

ಎರಡು ಭಾಷೆಗಳ ನಿಜವಾದ ನಂಟು ಕಾಣುವುದು ಊಹೆಯಲ್ಲಿ. ಐದು ಗಂಟೆಗೆ ಬರುತ್ತೇನೆಂದ ಗೆಳೆಯ ಆರಾದರೂ ಬಂದಿಲ್ಲ. ‘ಮರೆತಿರುತ್ತಾನೆ ಬಿಡಿ’ ಎನ್ನುತ್ತೇವೆ. ಮರೆತದ್ದು ಆಗಿಹೋದ ಸಂಗತಿ, ಆದರೂ ಕ್ರಿಯಾಪದದ ರೂಪ ಮುಂದಿನದು. ಫ್ರೆಂಚರೂ ‘ಇಲ್ ಓರಾ ಊಬ್ಲಿಯೆ’ ಎನ್ನುತ್ತಾರೆ. ಪದಕ್ಕೆ ಪದ ಹೊಂದುತ್ತದೆ. ನಿಜ ಸಂಗತಿ ಗೊತ್ತಾಗುವುದು ಇನ್ನು ಮುಂದೆ, ಆಗ ಅವನು ಮರೆತಿದ್ದನೆಂದೇ ತಿಳಿದುಬರುತ್ತದೆ ಎಂಬ ಭಾವ ಎರಡರಲ್ಲೂ ಅಡಗಿದೆ. ದಿನನಿತ್ಯದ ಮಾತಿನಲ್ಲಿ ಫ್ರೆಂಚರು ‘ಇಲ್ ಆ ದ್ಯು ಊಬ್ಲಿಯೆ’ ಎಂಬ ಬೇರೆ ರೂಪವನ್ನು ಹೆಚ್ಚು ಬಳಸುತ್ತಾರೆ ಎಂಬುದನ್ನೂ ನೆನಪಿಡಬೇಕು.

ಆದರೆ ಪ್ರತಿಯೊಂದು ‘ಇರುತ್ತಾನೆ’ಗೂ ಈ ಸೂತ್ರ ಹೊಂದುವುದಿಲ್ಲ. ‘ನಾನು ಏಳುವಷ್ಟರಲ್ಲಿ ದಿನಾ ಅವನು ಹೊರಟಿರುತ್ತಾನೆ’ ಎಂಬಲ್ಲಿ ಊಹೆಯೂ ಇಲ್ಲ, ಭವಿಷ್ಯವೂ ಇಲ್ಲ. ಇರುವುದು ರೂಢಿ ಮಾತ್ರ. ಇಲ್ಲಿ ‘ಇಲ್ ಸರಾ ಪಾರ್ತಿ’ ಎಂದರೆ ತಪ್ಪು, ‘ಇಲ್ ಎ ದೆಝಾ ಪಾರ್ತಿ’ ಎನ್ನಬೇಕು. ವಾಕ್ಯದಲ್ಲಿ ‘ದಿನಾ’, ‘ಯಾವಾಗಲೂ’ ಎಂಬ ಪದ ಹೊಂದುವಂತಿದ್ದರೆ ಸಾಮಾನ್ಯವಾಗಿ ಮುಂಚಿನ ಭವಿಷ್ಯದ ಗೊಡವೆ ಬೇಡ.

ಫ್ರೆಂಚ್ ಪತ್ರಿಕೆಗಳನ್ನು ಓದಲು ಹೊರಟವರು ಇನ್ನೊಂದು ಬಳಕೆಯನ್ನು ಎದುರಿಸುತ್ತಾರೆ. ಇದಕ್ಕೆ ಕನ್ನಡದಲ್ಲಿ ಸಾಟಿಯಿಲ್ಲ. ಫ್ರಾನ್ಸ್ 1998ರಲ್ಲಿ ಫುಟ್‌ಬಾಲ್ ವಿಶ್ವಕಪ್ ಗೆದ್ದಿತು, ಮತ್ತೆ ಗೆದ್ದದ್ದು 2018ರಲ್ಲಿ. ಇದನ್ನು ವರದಿ ಮಾಡುವವರು ‘ಇಲ್ ಓರಾ ಫಾಲ್ಯು ಆತಾಂದ್ರ್ ವ್ಯಾಂತಾಂ’ ಎಂದು ಬರೆಯಬಹುದು. ಇಪ್ಪತ್ತು ವರ್ಷ ಕಾಯಬೇಕಾಯಿತು ಎಂದಷ್ಟೇ ಅರ್ಥ. ಎಲ್ಲವೂ ಮುಗಿದುಹೋಗಿದೆ, ಊಹೆಯ ಸುಳಿವೂ ಇಲ್ಲ. ಆದರೂ ವರದಿಗಾರ ಒಂದು ಹೆಜ್ಜೆ ಮುಂದೆ ಹೋಗಿ ನಿಂತು, ಇತಿಹಾಸ ಇದನ್ನು ಹೀಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂಬ ಧಾಟಿಯಲ್ಲಿ ಹಿಂತಿರುಗಿ ನೋಡುತ್ತಾನೆ. ವರ್ಷಾಂತ್ಯದ ಸಿಂಹಾವಲೋಕನ, ಗಣ್ಯರ ನಿಧನವಾರ್ತೆ, ಸರಣಿ ಮುಗಿದ ಮರುದಿನದ ಕ್ರೀಡಾಪುಟ ಇದಕ್ಕೆ ತಕ್ಕ ಜಾಗಗಳು. ನಿಧನವಾರ್ತೆಯಲ್ಲಿ ‘ಇಲ್ ಓರಾ ಎಕ್ರಿ’ ಎಂದು ಕಂಡಾಗ ‘ಅವರು ಬರೆದಿರುತ್ತಾರೆ’ ಎಂದು ಅನುವಾದಿಸಿದರೆ ಬರೆದರೋ ಇಲ್ಲವೋ ಎಂಬ ಅನುಮಾನ ಹುಟ್ಟುತ್ತದೆ. ಅಲ್ಲಿ ‘ಬರೆದರು’ ಎಂಬುದೇ ಸರಿಯಾದ ಕನ್ನಡ.